ನಮ್ಮೂರೆಂಬ ಮಾತು



ಮನೆಯ ಮಾತನ್ನು ಪತ್ರಿಕೆಯ ಪುಟಕ್ಕೆ ತರುವುದು ನನ್ನ ರೂಢಿಯಲ್ಲ. ವ್ಯಾಕರಣದ ಸೂತ್ರಗಳನ್ನೂ ಶಾಸನದ ಅಕ್ಷರಗಳನ್ನೂ ಬಿಡಿಸುತ್ತ ಅರುವತ್ತು ದಾಟಿದವನು ನಾನು. ಆದರೆ ನನ್ನ ಮನೆಯಲ್ಲಿ ಎದ್ದ ಪ್ರಶ್ನೆಯೊಂದು ಇಂದು ನಮ್ಮ ಅನೇಕ ಮನೆಗಳ ಪ್ರಶ್ನೆಯೂ ಆಗಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಯಾವ ಊರಿಗೆ ಹೋದರೂ ಮಗನೋ ಮಗಳೋ ಹೊರದೇಶದಲ್ಲಿರುವ ಒಂದೆರಡು ಮನೆಗಳಾದರೂ ಸಿಗುತ್ತವೆ. ಆ ಮನೆಗಳ ಹಿರಿಯರಿಗೆ ಉಪಯೋಗವಾದೀತೆಂದು ನಾನು ಮಾಡಿದ ತಪ್ಪನ್ನೂ ಅದರಿಂದ ಕಲಿತ ಪಾಠವನ್ನೂ ಇಲ್ಲಿ ಬರೆಯುತ್ತಿದ್ದೇನೆ.

2025ರ ಶ್ರಾವಣ ಮಾಸ. ರಾತ್ರಿಯ ಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತಿದ್ದೆ. ಜರ್ಮನಿಯಿಂದ ಮಗಳ ಕರೆ ಬಂದಿತು. ಅವಳೂ ಅಳಿಯಂದಿರೂ ಅಲ್ಲಿಯ ಗೊಟ್ಟಿಂಗೆನ್ ಎಂಬ ಊರಿನಲ್ಲಿ 2017ರಿಂದ ಇದ್ದಾರೆ. ಅವಳದು ವಿಶ್ವವಿದ್ಯಾಲಯದ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ. ಅಳಿಯಂದಿರದು ಭೌತವಿಜ್ಞಾನದ ಸಂಶೋಧನೆ. ಕುಶಲ ಪ್ರಶ್ನೆಯಾದ ಮೇಲೆ ಮಗಳು ಸ್ವಲ್ಪ ತಡೆದು ಹೇಳಿದಳು: “ಅಪ್ಪಾಜಿ, ನಾವಿಬ್ಬರೂ ಇಲ್ಲಿಯ ಪೌರತ್ವಕ್ಕೆ ಅರ್ಜಿ ಹಾಕಬೇಕೆಂದಿದ್ದೇವೆ. ನಿಮ್ಮನ್ನು ಕೇಳದೆ ಹಾಕುವುದಿಲ್ಲ.”

ಜರ್ಮನಿ ದೇಶವು 2024ರ ಜೂನ್ ತಿಂಗಳಿಂದ ಹೊರಗಿನವರಿಗೆ ಐದು ವರ್ಷಗಳ ವಾಸದ ಮೇಲೆ ಪೌರತ್ವದ ಬಾಗಿಲನ್ನು ತೆರೆದಿದೆ. ಹಳೆಯ ಪೌರತ್ವವನ್ನು ಬಿಡಬೇಕೆಂಬ ನಿರ್ಬಂಧವನ್ನೂ ತೆಗೆದಿದೆ. ಆದರೆ ನಮ್ಮ ದೇಶದ ಕಾನೂನು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ಅಲ್ಲಿಯದನ್ನು ಪಡೆದರೆ ಇಲ್ಲಿಯ ಪಾಸ್‌ಪೋರ್ಟನ್ನು ಒಪ್ಪಿಸಲೇಬೇಕು. ಇದು ನನಗೆ ತಿಳಿದಿತ್ತು. ತಿಳಿದಿದ್ದರಿಂದಲೇ ಸಿಟ್ಟು ಬಂದಿತು. “ತಾಯಿ ತೀರಿಕೊಂಡ ಮೇಲೆ ತಾಯ್ನಾಡೂ ತೀರಿಹೋಯಿತೇನು?” ಎಂದುಬಿಟ್ಟೆ. ಅವಳು ಮಾತಾಡಲಿಲ್ಲ. ನಾನೇ ಫೋನು ಇಟ್ಟೆ. ಆ ಮೇಲೆ ಎರಡು ತಿಂಗಳು ನಮ್ಮಿಬ್ಬರ ನಡುವೆ ಮಾತು ನಿಂತುಹೋಯಿತು.

ಆಡಿದ ಮಾತು ಆಡಿದವನನ್ನೇ ಹೆಚ್ಚು ಸುಡುತ್ತದೆ. ಆ ಎರಡು ತಿಂಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾದದ್ದು 2023ರ ಚಳಿಗಾಲದಲ್ಲಿ ಮಗಳ ಮನೆಯಲ್ಲಿ ಕಳೆದ ಏಳು ವಾರಗಳು. ಅಂದು ಕಿವಿಗೆ ಬಿದ್ದು ಮನಸ್ಸಿಗೆ ಇಳಿಯದಿದ್ದ ಸಂಗತಿಗಳು ಈಗ ಒಂದೊಂದಾಗಿ ಎದ್ದು ಬಂದವು.

ಗೊಟ್ಟಿಂಗೆನ್ ಎಂಬ ಹೆಸರು ನನಗೆ ಹೊಸದಾಗಿರಲಿಲ್ಲ. ಸಿದ್ಧಗಂಗೆಯ ಸಂಸ್ಕೃತ ಪಾಠಶಾಲೆಯಲ್ಲಿ ಪತಂಜಲಿಯ ಮಹಾಭಾಷ್ಯವನ್ನು ಓದುವಾಗ ಗುರುಗಳು ಕೀಲ್‌ಹಾರ್ನ್ ಪಂಡಿತರ ಪರಿಷ್ಕರಣವನ್ನು ಗೌರವದಿಂದ ಹೆಸರಿಸುತ್ತಿದ್ದರು. ಫ್ರಾಂಜ್ ಕೀಲ್‌ಹಾರ್ನ್ ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದು, ನಮ್ಮ ಶಾಸ್ತ್ರಿಗಳಿಂದ ವ್ಯಾಕರಣವನ್ನು ಅರಿತು, 1882ರಿಂದ 1908ರಲ್ಲಿ ತೀರಿಕೊಳ್ಳುವವರೆಗೆ ಗೊಟ್ಟಿಂಗೆನ್ನಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದವರು. ಆ ಊರಿನ ಬೀದಿಯಲ್ಲಿ ನಡೆಯುವಾಗ ಗುರುಗಳ ಧ್ವನಿ ಕಿವಿಯಲ್ಲಿ ಕೇಳಿದಂತಾಗುತ್ತಿತ್ತು. ಊರು ಪರಕೀಯವೆನಿಸಲಿಲ್ಲ, ಪರಕೀಯವೆನಿಸಿದ್ದು ಮಗಳ ಒಂದು ಮಾತು. ಅಂಗಡಿಯಲ್ಲಿ ಯಾರಿಗೋ ಏನನ್ನೋ ವಿವರಿಸಿ ಬಂದವಳು ನನಗೆ, “ನಮ್ಮೂರಲ್ಲಿ ಭಾನುವಾರ ಅಂಗಡಿ ತೆರೆಯುವುದಿಲ್ಲ ಅಪ್ಪಾಜಿ, ಇವತ್ತೇ ತಗೋಬೇಕು” ಎಂದಳು. ‘ನಮ್ಮೂರು’ ಎಂದದ್ದು ಗೊಟ್ಟಿಂಗೆನ್ನನ್ನು. ಮಧುಗಿರಿಯ ಏಕಶಿಲೆಯ ಬೆಟ್ಟದ ನೆರಳಿನಲ್ಲಿ ಬೆಳೆದವಳ ಬಾಯಲ್ಲಿ ಆ ಮಾತು ಬಂದದ್ದು ಮುಳ್ಳಿನಂತೆ ನಾಟಿತು. ನಾನು ಆಡಲಿಲ್ಲ, ನುಂಗಿಕೊಂಡೆ.

ಮಗಳ ಮನೆ ಮೇಲಂತಸ್ತಿನದು. ಕೆಳಗೆ ಮನೆಯ ಒಡೆಯರಾದ ವೃದ್ಧ ದಂಪತಿಗಳು. ಅಜ್ಜನಿಗೆ ಎಂಬತ್ತಾರು, ಅಜ್ಜಿಗೆ ಎಂಬತ್ತಮೂರು. ನನ್ನ ಹಣೆಯ ವಿಭೂತಿಯನ್ನು ಮೊದಲ ದಿನವೇ ಕಂಡು ಅಜ್ಜಿ ಅದರ ಅರ್ಥವನ್ನು ಕೇಳಿದರು. ಮಗಳು ಎರಡು ಭಾಷೆಗಳ ನಡುವೆ ದುಭಾಷಿಯಾಗಿ ನಿಂತಳು. ಹೀಗೆ ಬೆಳೆದ ಪರಿಚಯದಲ್ಲಿ ಅವರ ಕಥೆ ತಿಳಿಯಿತು.

ಇಬ್ಬರೂ ಗೊಟ್ಟಿಂಗೆನ್ನಿನವರಲ್ಲ. ಬ್ರೆಸ್ಲಾವ್ ನಗರದ ಸುತ್ತಿನ ಹಳ್ಳಿಗಳಲ್ಲಿ ಹುಟ್ಟಿದವರು. ಆ ಸೀಮೆಗೆ ಸಿಲೀಸಿಯ ಎಂದು ಹೆಸರು. 1945ರಲ್ಲಿ ಜರ್ಮನಿ ಸೋತ ಮೇಲೆ ಗೆದ್ದ ರಾಷ್ಟ್ರಗಳು ಗಡಿಗಳನ್ನು ಬದಲಿಸಿದವು. ಬ್ರೆಸ್ಲಾವ್ ಪೋಲೆಂಡಿಗೆ ಸೇರಿ ವ್ರೊತ್ಸ್ವಾಫ್ ಎಂಬ ಹೆಸರು ಪಡೆಯಿತು. ಅಲ್ಲಿದ್ದ ಜರ್ಮನರು ಊರು ಬಿಡಬೇಕಾಯಿತು. ಪೂರ್ವ ಯೂರೋಪಿನ ನಾನಾ ಭಾಗಗಳಿಂದ ಹೀಗೆ ನೆಲೆ ತಪ್ಪಿದ ಜರ್ಮನರು ಸುಮಾರು 1 ಕೋಟಿ 20 ಲಕ್ಷ ಮಂದಿ. ಹಿಟ್ಲರನ ಆಳ್ವಿಕೆ ಇತರರ ಮೇಲೆ ಎಸಗಿದ ಘೋರದ ಮುಂದೆ ಇದನ್ನು ಎತ್ತಿ ಹೇಳಲು ಅವರಿಗೇ ಸಂಕೋಚವಿತ್ತು. “ನಮ್ಮವರು ಬಿತ್ತಿದ್ದನ್ನು ನಾವು ಉಂಡೆವು, ಆದರೆ ನನಗೆ ಆಗ ಆರು ವರ್ಷ” ಎಂದಷ್ಟೇ ಅಜ್ಜಿ ಹೇಳಿದರು.

1946ರಲ್ಲಿ ಸರಕು ಸಾಗಿಸುವ ರೈಲಿನಲ್ಲಿ ತಾಯಿ ಮಕ್ಕಳು ಬಂದಿಳಿದರು. ಗೊಟ್ಟಿಂಗೆನ್ನಿಗೆ ಹತ್ತಿರದಲ್ಲೇ ಫ್ರೀಡ್‌ಲಾಂಡ್ ಎಂಬ ಸ್ಥಳವಿದೆ. ಅಲ್ಲಿದ್ದ ವಿಶ್ವವಿದ್ಯಾಲಯದ ಕೃಷಿ ಪ್ರಯೋಗ ಕ್ಷೇತ್ರದಲ್ಲಿ, ದನದ ಕೊಟ್ಟಿಗೆಗಳನ್ನೇ ತೆರವು ಮಾಡಿ, 1945ರ ಸೆಪ್ಟೆಂಬರಿನಲ್ಲಿ ನಿರಾಶ್ರಿತರ ಶಿಬಿರವನ್ನು ತೆರೆದಿದ್ದರು. ಅಂದಿನಿಂದ ಇಂದಿನವರೆಗೆ ಆ ಶಿಬಿರವನ್ನು ಹಾದುಹೋದವರು 40 ಲಕ್ಷಕ್ಕೂ ಹೆಚ್ಚು. ಈ ಇಬ್ಬರ ಕುಟುಂಬಗಳೂ ಬೇರೆ ಬೇರೆ ತಿಂಗಳಲ್ಲಿ ಅಲ್ಲಿಂದಲೇ ಹಾದು ಸುತ್ತಿನ ಹಳ್ಳಿಗಳನ್ನು ಸೇರಿದವು. ಸರ್ಕಾರದ ಆಜ್ಞೆಯಂತೆ ರೈತರು ತಮ್ಮ ಮನೆಯ ಒಂದು ಕೋಣೆಯನ್ನು ಬಂದವರಿಗೆ ಬಿಟ್ಟುಕೊಡಬೇಕು. ಒಂದೇ ಒಲೆ, ಇಬ್ಬರು ಗೃಹಿಣಿಯರು. ಅಲ್ಲಿ ಏನು ನಡೆದಿರಬಹುದೆಂಬುದನ್ನು ನಮ್ಮ ತಾಯಂದಿರಿಗೆ ನಾನು ವಿವರಿಸಬೇಕಾಗಿಲ್ಲ. ಒಂದೇ ದೇಶ, ಒಂದೇ ಭಾಷೆ, ಒಂದೇ ದೇವರು. ಆದರೂ ಶಾಲೆಯಲ್ಲಿ ಮಕ್ಕಳು ಇವರನ್ನು ‘ಪೋಲೆಂಡಿನವರು’ ಎಂದು ಹಂಗಿಸುತ್ತಿದ್ದರಂತೆ. ಉಚ್ಚಾರಣೆಯಲ್ಲಿ ಸಿಲೀಸಿಯದ ಎಳೆತವಿದ್ದುದೇ ಅಪರಾಧ.

ಅಜ್ಜಿ ಹೇಳಿದ ಇನ್ನೊಂದು ವಿಷಯವನ್ನು ನಾನು ಆಗ ಅಷ್ಟಾಗಿ ಗಮನಿಸಿರಲಿಲ್ಲ. ಅವರ ತಾಯಿಗೆ ಕೈತೋಟಕ್ಕೆಂದು ಒಂದು ತುಂಡು ನೆಲ ಸಿಕ್ಕಿತ್ತು. ಆಲೂಗಡ್ಡೆ, ಹುರುಳಿಕಾಯಿ, ಕೋಸು ಬೆಳೆದರು. ಹಲವು ವರ್ಷ ಒಂದೇ ಒಂದು ಹಣ್ಣಿನ ಮರವನ್ನು ನೆಡಲಿಲ್ಲ. ಕೇಳಿದರೆ, “ಮರ ಫಲ ಬಿಡುವ ಹೊತ್ತಿಗೆ ನಾವು ಊರಿಗೆ ಹಿಂತಿರುಗಿರುತ್ತೇವೆ” ಎನ್ನುತ್ತಿದ್ದರಂತೆ. ಅಜ್ಜಿ ಹೈಸ್ಕೂಲು ಮುಗಿಸಿದ ವರ್ಷ ತಾಯಿ ಯಾರಿಗೂ ಹೇಳದೆ ಒಂದು ಸೇಬಿನ ಸಸಿಯನ್ನು ತಂದು ನೆಟ್ಟರು. ಅಂದು ರಾತ್ರಿ ಊಟ ಮಾಡಲಿಲ್ಲ. “ಆ ದಿನ ನಾವು ಇಲ್ಲಿಗೆ ಬಂದೆವು” ಎಂದರು ಅಜ್ಜಿ. ರೈಲು ಇಳಿದದ್ದು 1946ರಲ್ಲಿ. ಬಂದದ್ದು ಹತ್ತು ವರ್ಷಗಳ ಮೇಲೆ.

ಆ ಹತ್ತು ವರ್ಷಗಳಲ್ಲಿ ಊರಿನವರೂ ಬದಲಾಗಿದ್ದರು. 1952ರಲ್ಲಿ ಪಶ್ಚಿಮ ಜರ್ಮನಿ ‘ಹೊರೆ ಸಮಹಂಚಿಕೆ’ ಎನ್ನಬಹುದಾದ ಕಾನೂನೊಂದನ್ನು ಮಾಡಿತು. ಯುದ್ಧದಲ್ಲಿ ಯಾರ ಆಸ್ತಿ ಉಳಿದಿತ್ತೋ ಅವರು ಅದರ ಮೌಲ್ಯದ ಅರ್ಧದಷ್ಟನ್ನು ಮೂವತ್ತು ವರ್ಷಗಳ ಕಂತುಗಳಲ್ಲಿ, ಎಲ್ಲವನ್ನೂ ಕಳೆದುಕೊಂಡವರಿಗಾಗಿ ಕೊಡಬೇಕು. ಇದನ್ನು ಅಳಿಯಂದಿರು ವಿವರಿಸಿದಾಗ ನನಗೆ ನಮ್ಮ ದಾಸೋಹ ತತ್ತ್ವ ನೆನಪಾಯಿತು. ಉಳ್ಳವನ ಹಗೇವಿನಲ್ಲಿ ಇಲ್ಲದವನಿಗೂ ಪಾಲಿದೆಯೆಂಬುದನ್ನು ಅವರು ಕಾಯಿದೆಯ ಭಾಷೆಯಲ್ಲಿ ಬರೆದುಕೊಂಡಿದ್ದರು. ಅಜ್ಜನ ತಂದೆಗೆ ಆ ನಿಧಿಯಿಂದ ಬಂದ ಹಣವೇ ಈ ಮನೆಯ ತಳಪಾಯಕ್ಕೆ ಆಯಿತಂತೆ.

ಕ್ರಿಸ್‌ಮಸ್ ಹಿಂದಿನ ದಿನ ಅಜ್ಜಿ ನಮ್ಮೆಲ್ಲರನ್ನೂ ಕರೆದು ತಮ್ಮ ಸೀಮೆಯ ಸಿಹಿಯನ್ನು ಬಡಿಸಿದರು. ಹಾಲಿನಲ್ಲಿ ನೆನೆಸಿದ ಬನ್ನು, ಅರೆದ ಗಸಗಸೆ, ಸಕ್ಕರೆ, ಒಣದ್ರಾಕ್ಷಿ. ಮೊಟ್ಟೆ ಇಲ್ಲವೆಂದು ಮಗಳು ಮೊದಲೇ ವಿಚಾರಿಸಿಕೊಂಡಿದ್ದಳು. ಬಾಯಿಗಿಟ್ಟರೆ ನಮ್ಮ ಗಸಗಸೆ ಪಾಯಸದ ತಂಗಿ! ಎಪ್ಪತ್ತೇಳು ವರ್ಷ ಕಳೆದರೂ ಆ ಒಂದು ರಾತ್ರಿ ಅವರು ಸಿಲೀಸಿಯದವರು. ಮರುದಿನ ಬೆಳಿಗ್ಗೆ ಗೊಟ್ಟಿಂಗೆನ್ನಿನವರು. ಎರಡಕ್ಕೂ ಜಗಳವಿಲ್ಲ.

ಅದಾದ ಕೆಲವು ದಿನಗಳಲ್ಲಿ ಅಳಿಯಂದಿರು, “ಮಾವ, ನಿಮಗೊಂದು ಸಮಾಧಿ ತೋರಿಸಬೇಕು. ನಮ್ಮ ಬೆಂಗಳೂರಿನ ಋಣ ಅದಕ್ಕಿದೆ” ಎಂದು ಊರಿನ ಹಳೆಯ ರುದ್ರಭೂಮಿಗೆ ಕರೆದೊಯ್ದರು. ಎಂಟು ಮಂದಿ ನೊಬೆಲ್ ಪಾರಿತೋಷಕ ಪಡೆದವರು ಮಲಗಿರುವ ತಾಣವದು. ಅವುಗಳಲ್ಲಿ ಒಂದು ಕಲ್ಲಿನ ಮೇಲೆ ಗಣಿತದ ಸೂತ್ರವೊಂದನ್ನು ಕೆತ್ತಿದೆ. ಮ್ಯಾಕ್ಸ್ ಬಾರ್ನ್ ಮತ್ತು ಅವರ ಪತ್ನಿ ಹೆಡ್ವಿಗ್ ಅವರ ಸಮಾಧಿಯದು. ಬಾರ್ನ್ ಹುಟ್ಟಿದ್ದು 1882ರಲ್ಲಿ, ಅದೇ ಬ್ರೆಸ್ಲಾವ್ ನಗರದಲ್ಲಿ. ಕೆಳಗಿನ ಮನೆಯ ಅಜ್ಜ ಅಜ್ಜಿಯರ ಸೀಮೆಯವರೇ!

ಅಳಿಯಂದಿರು ಹೇಳಿದ್ದನ್ನೂ ಆಮೇಲೆ ನಾನೇ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ. ಬಾರ್ನ್ 1921ರಿಂದ ಗೊಟ್ಟಿಂಗೆನ್ನಿನ ಪ್ರಾಧ್ಯಾಪಕರು. ಅಣುವಿನೊಳಗಿನ ಲೋಕವನ್ನು ಅರಿಯುವ ಹೊಸ ಶಾಸ್ತ್ರವನ್ನು ಕಟ್ಟಿದವರಲ್ಲಿ ಒಬ್ಬರು. ಯೆಹೂದಿ ಮನೆತನದವರೆಂಬ ಒಂದೇ ಕಾರಣಕ್ಕೆ 1933ರ ಏಪ್ರಿಲ್‌ನಲ್ಲಿ ಹಿಟ್ಲರನ ಸರ್ಕಾರ ಅವರನ್ನು ಹುದ್ದೆಯಿಂದ ತೆಗೆಯಿತು. ಐವತ್ತರ ಪ್ರಾಯದಲ್ಲಿ ಗಂಡ ಹೆಂಡತಿ ಮನೆ ತೊರೆದರು. ಕೇಂಬ್ರಿಜ್‌ನಲ್ಲಿ ಕೆಲಕಾಲದ ಹುದ್ದೆ ದೊರೆಯಿತು, ಸ್ಥಿರವಾದ ನೆಲೆಯಿರಲಿಲ್ಲ. ಆಗ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಅವರನ್ನು ಆಹ್ವಾನಿಸಿದರು. 1935ರ ಕೊನೆಯಿಂದ 1936ರ ವಸಂತದವರೆಗೆ, ಸುಮಾರು ಆರು ತಿಂಗಳು, ಬಾರ್ನ್ ದಂಪತಿಗಳು ಬೆಂಗಳೂರಿನ ನಿವಾಸಿಗಳಾಗಿದ್ದರು.

ರಾಮನ್ ಅವರಿಗೆ ಬಾರ್ನ್ ಅಲ್ಲಿಯೇ ನೆಲೆಸಬೇಕೆಂಬ ಆಸೆ. ಅವರಿಗೆ ಸ್ಥಿರವಾದ ಪ್ರಾಧ್ಯಾಪಕ ಪದವಿಯನ್ನು ಕೊಡಬೇಕೆಂದು ಅಧ್ಯಾಪಕರ ಸಭೆಯಲ್ಲಿ ಪ್ರತಿಪಾದಿಸಿದರು. ಬಾರ್ನ್ ಕೂಡ ಆ ಸಭೆಯಲ್ಲಿ ಕುಳಿತಿದ್ದರು. ಆಗ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕ ಎದ್ದು ನಿಂತು, ಸ್ವದೇಶದಿಂದಲೇ ಅಟ್ಟಿಸಿಕೊಂಡು ಬಂದ ಎರಡನೆಯ ದರ್ಜೆಯ ಪರದೇಶಿಯೊಬ್ಬ ಈ ಸಂಸ್ಥೆಗೆ ತಕ್ಕವನಲ್ಲವೆಂಬ ಅರ್ಥದ ಮಾತನ್ನಾಡಿದ. ಬಾರ್ನ್ ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟರೆಂದು ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಜಗತ್ತೇ ಗೌರವಿಸಿದ ವಿದ್ವಾಂಸ, ನಮ್ಮ ಬೆಂಗಳೂರಿನ ಒಂದು ಬಂಗಲೆಯಲ್ಲಿ, ಮಗುವಿನಂತೆ ಅತ್ತರು.

ಆ ಪದವಿ ದೊರೆಯಲಿಲ್ಲ. 1936ರಲ್ಲಿಯೇ ಎಡಿನ್‌ಬರೋ ವಿಶ್ವವಿದ್ಯಾಲಯ ಅವರನ್ನು ಕರೆದು ಪೀಠ ಕೊಟ್ಟಿತು. 1939ರ ಆಗಸ್ಟ್ 31ರಂದು ಬ್ರಿಟನ್ನಿನ ಪೌರತ್ವದ ಪತ್ರ ಕೈ ಸೇರಿತು. ಮರುದಿನವೇ ಎರಡನೆಯ ಮಹಾಯುದ್ಧ ಆರಂಭವಾಯಿತು. 1940ರಲ್ಲಿ ಬ್ರಿಟನ್ ತನ್ನಲ್ಲಿದ್ದ ಸಾವಿರಾರು ಜರ್ಮನರನ್ನು, ಹಿಟ್ಲರನಿಂದ ತಪ್ಪಿಸಿಕೊಂಡು ಬಂದಿದ್ದವರನ್ನೂ ಬಿಡದೆ, ಶಿಬಿರಗಳಲ್ಲಿ ಕೂಡಿಹಾಕಿದಾಗ ಈ ಮನೆತನವನ್ನು ಕಾಪಾಡಿದ್ದು ಆ ಕಾಗದ. ಪೌರತ್ವದ ಕಾಗದವೆಂದರೆ ತಾಯ್ನಾಡಿಗೆ ಮಾಡಿದ ದ್ರೋಹದ ರಸೀದಿಯೆಂದು ತಿಳಿದಿದ್ದ ನಾನು ಈ ಸಂಗತಿಯ ಮುಂದೆ ತಲೆತಗ್ಗಿಸಬೇಕಾಯಿತು. ಕೆಲವರಿಗೆ ಅದು ಸೂರು.

ಹದಿನೇಳು ವರ್ಷಗಳ ಸೇವೆಯ ನಂತರ 1953ರಲ್ಲಿ ಬಾರ್ನ್ ನಿವೃತ್ತರಾದರು. ಆ ಬಳಿಕ ದಂಪತಿಗಳು ತಮ್ಮನ್ನು ಹೊರದೂಡಿದ್ದ ಜರ್ಮನಿಗೇ ಮರಳಿ, ಗೊಟ್ಟಿಂಗೆನ್ನಿಗೆ ಹೆಚ್ಚು ದೂರವಿಲ್ಲದ ಬಾಡ್ ಪಿರ್ಮಾಂಟ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದರು. ಹೆಡ್ವಿಗ್ ಆ ಹೊತ್ತಿಗೆ ಶಾಂತಿವ್ರತಿಗಳಾದ ಕ್ವೇಕರ್ ಪಂಥವನ್ನು ಸೇರಿದ್ದರು. 1954ರಲ್ಲಿ ಬಾರ್ನ್‌ರಿಗೆ ನೊಬೆಲ್ ಪಾರಿತೋಷಕ ಬಂದಿತು. ಅದೇ ವರ್ಷ ಅವರ ಮಗಳು ಐರೀನ್ ಗಂಡ ಮಕ್ಕಳೊಡನೆ ಆಸ್ಟ್ರೇಲಿಯಕ್ಕೆ ವಲಸೆ ಹೋದಳು. ತಂದೆತಾಯಿ ಹಿಂತಿರುಗಿದರು, ಮಗಳು ಇನ್ನೂ ದೂರ ಹೋದಳು. ಅವರ ಮನೆಯಲ್ಲಿಯೂ ನಮ್ಮ ಮನೆಯಂಥ ಮಾತುಕತೆ ನಡೆದಿರಬಹುದೇ ಎಂದು ನಾನು ಯೋಚಿಸಿದ್ದುಂಟು.

ಬೆಂಗಳೂರಿನಲ್ಲಿ ಆದ ಅವಮಾನವನ್ನು ಬಾರ್ನ್ ಈ ನೆಲದ ಮೇಲೆ ಹೊರಿಸಲಿಲ್ಲ. ಅವರ ಸೋದರಳಿಯ ಓಟ್ಟೊ ಕೋನಿಗ್ಸ್‌ಬರ್ಗರ್ ಎಂಬ ತರುಣ ವಾಸ್ತುಶಿಲ್ಪಿಯೂ ಹಿಟ್ಲರನ ಕಾಲದಲ್ಲಿ ನೆಲೆ ಕಳೆದುಕೊಂಡಿದ್ದ. ಮಾವನ ಸಂಪರ್ಕದಿಂದಲೇ ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಪರಿಚಯವಾಗಿ, 1939ರಲ್ಲಿ ಆತ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದ. ಟಾಟಾ ಇನ್‌ಸ್ಟಿಟ್ಯೂಟಿನ ವಿಮಾನಶಾಸ್ತ್ರ ವಿಭಾಗಕ್ಕೆ ಕಟ್ಟಡ ರಚಿಸಿದವನು ಆತನೇ. ಮಾವನಿಗೆ ಸ್ಥಳವಿಲ್ಲವೆಂದ ಅಂಗಳದಲ್ಲಿ ಅಳಿಯ ಗೋಡೆ ಎಬ್ಬಿಸಿದ.

ಇನ್ನೊಬ್ಬರನ್ನೂ ಇಲ್ಲಿ ನೆನೆಯಬೇಕು. ಡ್ರೆಸ್ಡನ್ ಬಳಿಯ ಹಳ್ಳಿಯೊಂದರಲ್ಲಿ ಹುಟ್ಟಿದ ತೋಟಗಾರಿಕೆಯ ತಜ್ಞ ಜಿ. ಎಚ್. ಕ್ರುಂಬಿಗಲ್ ಬರೋಡೆಯ ಮೂಲಕ 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತರು. ವರ್ಷವಿಡೀ ಒಂದರ ನಂತರ ಒಂದು ಜಾತಿಯ ಮರ ಹೂ ಬಿಡುವಂತೆ ಬೆಂಗಳೂರಿನ ಬೀದಿಗಳಲ್ಲಿ ಸಾಲುಮರ ನೆಡಿಸಿದ ಕೀರ್ತಿ ಅವರದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರೆಂಬ ಕಾರಣಕ್ಕೆ ಆ ವೃದ್ಧರನ್ನೂ ಬಂಧನದಲ್ಲಿಟ್ಟರು. ಯುದ್ಧ ಮುಗಿದ ಮೇಲೆ ಅವರು ಈ ನಗರವನ್ನು ಬಿಟ್ಟು ಹೋಗಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲಿಯೇ ಕಣ್ಣು ಮುಚ್ಚಿ, ಹೊಸೂರು ರಸ್ತೆಯ ರುದ್ರಭೂಮಿಯಲ್ಲಿ ಮಣ್ಣಾದರು. ಅವರು ತರಿಸಿ ಬೆಳೆಸಿದ ಮರಗಳ ನೆರಳಿನಲ್ಲಿ ನಿಂತ ಯಾರೂ ಅವರನ್ನು ಪರದೇಶಿಯೆಂದು ಕರೆಯಲಾರರು.

ಈ ಎಲ್ಲ ಸಂಗತಿಗಳನ್ನು ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದಾಗ ನನ್ನ ಬಾಲ್ಯದ ಒಂದು ದಿನ ಥಟ್ಟನೆ ನೆನಪಾಯಿತು. ನಮ್ಮದು ಪಾವಗಡದ ಎಲ್ಲೆಗೆ ಹತ್ತಿರದ ಬರದ ಹಳ್ಳಿ. ನಾಲ್ಕು ಎಕರೆ ಬೆದ್ದಲು, ಬದುವಿನ ಮೇಲೆ ಎರಡು ಹುಣಸೆ ಮರ. ಮಳೆ ಬಂದರೆ ಕಡಲೆಕಾಯಿ, ಇಲ್ಲದಿದ್ದರೆ ಹುಣಸೆಹಣ್ಣು ಮಾರಿದ ಕಾಸು. ಹತ್ತನೆಯ ವಯಸ್ಸಿನಲ್ಲಿ ತಂದೆ ನನ್ನನ್ನು ಸಿದ್ಧಗಂಗೆಗೆ ಕರೆತಂದು ಬಿಟ್ಟರು. ಲಿಂಗೈಕ್ಯ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳ ನೆರಳಿನಲ್ಲಿ ಅನ್ನ, ಅಕ್ಷರ, ಆಶ್ರಯ ಮೂರೂ ದೊರೆತವು. ಮೊದಲ ತಿಂಗಳು ರಾತ್ರಿಯಿಡೀ ಅತ್ತೆ. ವರ್ಷ ಕಳೆದು ರಜೆಗೆ ಊರಿಗೆ ಹೋದೆ. ಅವ್ವ ಮುದ್ದೆ ಬಡಿಸುವಾಗ, “ನಮ್ಮ ಮಠದಲ್ಲಿ ಮೊದಲು ಪ್ರಾರ್ಥನೆ ಆಗಬೇಕು” ಎಂದೆ. ಅವ್ವನ ಕೈ ಒಂದು ಕ್ಷಣ ನಿಂತಿತು. ಮುಖ ನೋಡಿದಳು. ಬಳಿಕ, “ಆಗಲಿ ಕಂದ, ನಿಮ್ಮ ಮಠದ ಪ್ರಾರ್ಥನೇನೇ ಹೇಳು, ನಾವೂ ಕಲೀತೀವಿ” ಎಂದು ಎದುರಿಗೆ ಕುಳಿತಳು.

ಅಕ್ಷರ ಬಾರದ ಆ ತಾಯಿ ಅಂದು ಒಂದೇ ಉಸಿರಿನಲ್ಲಿ ನುಂಗಿದ್ದನ್ನು ಮಹಾಭಾಷ್ಯ ಓದಿದ ನಾನು ಎರಡು ತಿಂಗಳಾದರೂ ನುಂಗಲಾರದೆ ಹೋದೆನಲ್ಲ! ನಾನೂ ಮನೆಯಿಂದ ಹೊರಟವನೇ. ‘ನಮ್ಮ ಮಠ’ ಎಂದ ಮಾತ್ರಕ್ಕೆ ನನ್ನ ಹಳ್ಳಿ ನನಗೆ ಪರರದಾಗಲಿಲ್ಲ. ಮಗಳು ‘ನಮ್ಮೂರು’ ಎಂದರೆ ಮಧುಗಿರಿ ಏಕೆ ಕರಗಬೇಕು?

ನಮ್ಮ ಸೀಮೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ನಿಡುಗಲ್ಲಿನ ಬೆಟ್ಟದಿಂದ ಆಳಿದ ಚೋಳ ಅರಸರು ತಮ್ಮ ಶಾಸನಗಳಲ್ಲಿ ‘ಒರೆಯೂರು ಪುರವರಾಧೀಶ್ವರ’ರೆಂದು ಕರೆದುಕೊಂಡರು. ಒರೆಯೂರು ಇರುವುದು ದೂರದ ಕಾವೇರಿಯ ದಂಡೆಯಲ್ಲಿ. ಹಳೆಯ ಊರನ್ನು ಬಿರುದಿನಲ್ಲಿ ಇಟ್ಟುಕೊಂಡರು. ಕೆರೆಕಟ್ಟೆ ಗುಡಿಗೋಪುರಗಳ ಚಿಂತೆಯನ್ನು ಈ ನೆಲದಲ್ಲಿ ಮಾಡಿದರು. ಶರಣರ ಕಥೆಗಳಲ್ಲಿ ಮೋಳಿಗೆಯ ಮಾರಯ್ಯ, ಮಹಾದೇವಿಯಮ್ಮನವರ ಪ್ರಸಂಗವನ್ನು ತಿಳಿಯದವರುಂಟೆ? ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಕಲ್ಯಾಣಕ್ಕೆ ಬಂದ ಆ ದಂಪತಿಗಳು ಕಟ್ಟಿಗೆಯ ಹೊರೆ ಮಾರಿ ಬದುಕಿದರೆಂದು ಪರಂಪರೆ ಹೇಳುತ್ತದೆ. ಅವರನ್ನು ಕಲ್ಯಾಣದವರನ್ನಾಗಿ ಮಾಡಿದ್ದು ಅವರ ಕಾಯಕ. ಜೊತೆಗೆ, ನೀವೆಲ್ಲಿಯವರೆಂದು ಕೇಳಿ ಹೊರಗೆ ನಿಲ್ಲಿಸದ ಶರಣರ ಮನಸ್ಸು. ಇವೆರಡೂ ಕೂಡಬೇಕು. ಬಂದವನಲ್ಲಿ ದುಡಿಮೆಯಿದ್ದು ಇದ್ದವನಲ್ಲಿ ಮನಸ್ಸಿಲ್ಲದಿದ್ದರೆ ಬಾರ್ನ್‌ರಂಥವರು ಅತ್ತು ಹಿಂತಿರುಗುತ್ತಾರೆ. ಬೇರೆ ದೇಶದವರು ನಮ್ಮ ಮಕ್ಕಳಿಗೆ ಆ ಮನಸ್ಸನ್ನು ತೋರಿಸುತ್ತಿರುವಾಗ ಹೆತ್ತವನಾದ ನಾನೇ ಬಾಗಿಲಿಗೆ ಅಡ್ಡ ನಿಲ್ಲುವುದು ತರವೇ?

ಹಳ್ಳಿಯಲ್ಲಿ ಕೆಲವರು, “ಪೌರತ್ವ ಹೋದರೆ ಜಮೀನೂ ಹೋಗುತ್ತದೆ” ಎಂದು ಹೆದರಿಸಿದ್ದರು. ಮಧುಗಿರಿಯ ವಕೀಲರನ್ನು ವಿಚಾರಿಸಿದೆ. ಅಂಥವರು ಇಲ್ಲಿ ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ. ಹಿರಿಯರಿಂದ ಪಿತ್ರಾರ್ಜಿತವಾಗಿ ಪಡೆಯಲು ಅಡ್ಡಿಯಿಲ್ಲವೆಂದರು. ಓದುಗರಲ್ಲಿ ಯಾರಿಗಾದರೂ ಇದೇ ಆತಂಕವಿದ್ದರೆ ತಿಳಿದವರನ್ನು ಕೇಳಿ ನಿಶ್ಚಯ ಮಾಡಿಕೊಳ್ಳಲಿ. ಗಾಳಿಮಾತಿಗೆ ಬೆಲೆ ಕೊಟ್ಟು ಮಕ್ಕಳೊಡನೆ ಮುನಿಯದಿರಲಿ.

ವಿಜಯದಶಮಿಯ ಸಂಜೆ ನಾನೇ ಮಗಳಿಗೆ ಕರೆ ಮಾಡಿದೆ. “ಅಪ್ಪಾಜಿ” ಎಂದವಳು ಮುಂದೆ ಮಾತಾಡಲಾರದೆ ಹೋದಳು. “ನಾನು ಆಡಿದ್ದು ತಪ್ಪು ಮಗಳೇ. ನಿಮ್ಮವ್ವ ಇದ್ದಿದ್ದರೆ ಹಾಗೆ ಆಡಲು ಬಿಡುತ್ತಿರಲಿಲ್ಲ. ಅರ್ಜಿ ಹಾಕಿರಿ” ಎಂದೆ. ಅವಳು ಬಹಳ ಹೊತ್ತು ಅತ್ತಳು. ಅಳಿಯಂದಿರು ಫೋನು ತೆಗೆದುಕೊಂಡು, “ಮಾವ,” ಎಂದು ಏನೋ ಹೇಳಹೊರಟು, ಅವರೂ ಸುಮ್ಮನಾದರು. ಕೊನೆಗೆ ಕೆಳಗಿನ ಮನೆಯ ಅಜ್ಜಿಯ ಆರೋಗ್ಯ ವಿಚಾರಿಸಿದೆ. ಅಜ್ಜ ಆ ವರ್ಷ ತೀರಿಕೊಂಡಿದ್ದರಂತೆ. ನನ್ನ ಮುನಿಸಿನ ದಿನಗಳಲ್ಲಿ ಆ ಸುದ್ದಿಯೂ ನನಗೆ ಮುಟ್ಟಿರಲಿಲ್ಲ. ಹಿತ್ತಲಿನಲ್ಲಿ ಏನಾದರೂ ನೆಡುವಂತೆ ಅಜ್ಜಿಯೇ ಮಗಳಿಗೆ ಹೇಳಿದ್ದರಂತೆ. “ಏನು ನೆಡಲಿ ಅಪ್ಪಾಜಿ?” ಎಂದು ಕೇಳಿದಳು.

ಹುಣಸೆ ಆ ಚಳಿಗೆ ಬದುಕುವುದಿಲ್ಲ. “ಆ ನೆಲಕ್ಕೆ ಒಗ್ಗುವುದನ್ನೇ ನೆಡು” ಎಂದೆ. “ಇಲ್ಲಿಯ ಹುಣಸೆಯನ್ನು ನಾನು ನೋಡಿಕೊಳ್ಳುತ್ತೇನೆ.”

ನಮ್ಮ ಭಾಷೆಯಲ್ಲಿ ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ವ್ಯಾಕರಣ ಪಾಠ ಹೇಳುತ್ತ ನಾಲ್ವತ್ತು ವರ್ಷ ಕಳೆದರೂ ಆ ಎರಡು ಕ್ರಿಯಾಪದಗಳ ನಡುವೆ ಎಷ್ಟು ದೂರವಿರಬಹುದೆಂದು ನಾನು ಲೆಕ್ಕ ಹಾಕಿರಲಿಲ್ಲ. ಈ ಬಾರಿ ಹುಣಸೆ ಚೆನ್ನಾಗಿ ಹಿಡಿದಿದೆ. ಹಣ್ಣು ಬಿಡಿಸಿ, ಬೀಜ ತೆಗೆದು, ಉಪ್ಪು ಹಾಕಿ ಒಂದು ಡಬ್ಬಿ ತುಂಬಿಸಿ ಇಟ್ಟಿದ್ದೇನೆ. ಬಂದಾಗ ಕೊಂಡೊಯ್ಯಲಿ.